ಸುಸ್ತ್, ಸುಸ್ತು, ಸುಸ್ತಿ

ಹೋದ ವರ್ಷ ಫೆಬ್ರವರಿಯಲ್ಲಿ ನಾನು ಒಬ್ಬ ಹುಡುಗನಿಗೆ ಅವಮಾನ ಮಾಡಿಬಿಟ್ಟೆ. ಒಂದೇ ಒಂದು ಪದದಿಂದ. ಅದೂ ಕಾಳಜಿಯಿಂದ ವಿಚಾರಿಸಲು ಹೋಗಿ.

ರೋಬಸ್ಟಾ ಕಾಫಿ ಕೊಯ್ಲು ಅರ್ಧ ಮುಗಿದಿತ್ತು. ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ತೋಟ, ನಾಲ್ಕು ಎಕರೆಗೆ ಸ್ವಲ್ಪ ಜಾಸ್ತಿ, ಅದರಲ್ಲೂ ಅರ್ಧ ಇಳಿಜಾರು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಈ ಪುಟ್ಟ ಜಿಲ್ಲೆಯಲ್ಲೇ ಬೆಳೆಯುತ್ತದೆ, ಅಷ್ಟನ್ನೂ ಕೊಯ್ಯಲು ಊರಿನ ಕೈಗಳು ಎಲ್ಲಿ ಸಾಲುತ್ತವೆ? ಹಾಗಾಗಿ ಕೊಯ್ಲಿನ ಕಾಲ ಬಂತೆಂದರೆ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಜನ ಬರುತ್ತಾರೆ. ನಮ್ಮಲ್ಲಿಗೆ ಬಂದಿದ್ದು ಜಾರ್ಖಂಡಿನ ಆರು ಜನ. ಅವರ ಹಿಂದಿ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಹಿಂದಿ ಅವರಿಗೆ ಕಾಲುಭಾಗ.

ಮಧ್ಯಾಹ್ನ ಎರಡು ಗಂಟೆ ಇರಬೇಕು. ಕೆಳಗಿನ ಇಳಿಜಾರಿಗೆ ಹೋದೆ. ಗಿಡದ ಬುಡಕ್ಕೆ ಹಾಸಿದ ನೀಲಿ ಶೀಟಿನ ಮೇಲೆ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಆ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಹಣ್ಣು ಕೊಯ್ಯುವವನು ಅವನೇ, ಸಂಜೆ ತೂಕದ ಹೊತ್ತಿಗೆ ಅವನ ಚೀಲ ಎತ್ತಲು ಇಬ್ಬರು ಬೇಕು. ಅವತ್ತು ಮಾತ್ರ ಮೊಣಕಾಲಿಗೆ ಹಣೆ ಕೊಟ್ಟು ಕೂತಿದ್ದ. ಕುತ್ತಿಗೆ ತುಂಬ ಕೆಂಪಿರುವೆ ಕಚ್ಚಿದ ಗುರುತು. ಬೆರಳ ಸಂದಿಯಲ್ಲೆಲ್ಲ ಹಣ್ಣಿನ ಅಂಟಿಗೆ ಮಣ್ಣು ಮೆತ್ತಿಕೊಂಡು ಕಪ್ಪಾಗಿತ್ತು. ಪಾಪ ಅನಿಸಿತು. ನಾನು ನನ್ನ ಘನಂದಾರಿ ಹಿಂದಿಯಲ್ಲಿ, ತುಂಬ ಮೃದುವಾಗಿ ಕೇಳಿದೆ: 'ಕ್ಯಾ ಹುವಾ? ಬಹುತ್ ಸುಸ್ತ್ ಹೋ ಕ್ಯಾ?'

ತಲೆ ಎತ್ತಿ ನೋಡಿದ. ಒಂದು ಮಾತೂ ಆಡಲಿಲ್ಲ. ಎದ್ದವನೇ ಗಿಡಕ್ಕೆ ಕೈ ಹಾಕಿ ಹಣ್ಣು, ಎಲೆ, ಕಾಯಿ ಎಲ್ಲ ಸೇರಿಸಿ ಸರಸರ ಎಳೆಯತೊಡಗಿದ. ಅವತ್ತು ಸಂಜೆ ತೂಕ ಮಾಡುವಾಗ ನನ್ನ ಮುಖ ನೋಡಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಅವರ ಪೈಕಿ ಸ್ವಲ್ಪ ಕನ್ನಡ ಕಲಿತಿದ್ದ ಹಿರಿಯ ಹೆಂಗಸು ಕಣದ ಹತ್ತಿರ ಬಂದು ಕೇಳಿದಳು, 'ಅಕ್ಕಾ, ಅವನು ಸೋಂಬೇರಿ ಅಂತ ಯಾಕೆ ಹೇಳಿದ್ದು?'

ನಾನೆಲ್ಲಿ ಹೇಳಿದೆ?

ಹೇಳಿದ್ದೆ. ಹಿಂದಿಯಲ್ಲಿ ಸುಸ್ತ್ ಅಂದರೆ ಸೋಮಾರಿ, ಜಡ, ನಿಧಾನಿ. ದಣಿದವನಿಗೆ ಅಲ್ಲಿ 'ಥಕ್ ಗಯಾ' ಅನ್ನಬೇಕು. ನಾನು ಕನ್ನಡದ ಸುಸ್ತಿನ ಉಕಾರ ಕಿತ್ತು ಹಾಕಿದರೆ ಹಿಂದಿ ಆಗುತ್ತದೆ ಅಂದುಕೊಂಡಿದ್ದೆ. ಎಲ್ಲರಿಗಿಂತ ಜಾಸ್ತಿ ದುಡಿಯುವ ಹುಡುಗ, ಎರಡು ನಿಮಿಷ ಕೂತಿದ್ದಾನೆ, ತೋಟದವಳು ಬಂದು 'ಏನು, ಭಾರೀ ಸೋಮಾರಿಯಾ ನೀನು?' ಅಂತ ಕೇಳಿದ ಹಾಗಾಯ್ತು. ಮೃದುವಾಗಿ ಬೇರೆ ಕೇಳಿದ್ದೆನಲ್ಲ, ಅದು ವ್ಯಂಗ್ಯ ಅನಿಸಿರಬೇಕು. ಆ ಹೆಂಗಸನ್ನು ಕರೆದುಕೊಂಡೇ ಹೋಗಿ ಕ್ಷಮೆ ಕೇಳಿದೆ. ಅವನು ನಾಚಿಕೊಂಡು ನಕ್ಕ, ಅಷ್ಟೇ. ಆದರೆ ಆ ಪದ ನನ್ನ ತಲೆಯಲ್ಲಿ ಕೂತಿದ್ದು ಇವತ್ತಿಗೂ ಎದ್ದಿಲ್ಲ.

ಮೂಲ ಪಾರ್ಸಿ ಪದ. ಅಲ್ಲಿ ಸುಸ್ತ್ ಅಂದರೆ ಸಡಿಲ, ಬಲವಿಲ್ಲದ್ದು, ಮಂದ. ಬಿಗಿ ಇಲ್ಲದ ಹಗ್ಗ ಇರುತ್ತದಲ್ಲ, ಅದೇ ಭಾವ. ಹಿಂದಿಯವರು ಆ ಸಡಿಲವನ್ನು ಮನುಷ್ಯನ ಸ್ವಭಾವಕ್ಕೆ ಅಂಟಿಸಿದರು, ಸೋಮಾರಿ ಆಯ್ತು. ನಾವು ಮೈಗೆ ಅಂಟಿಸಿದೆವು, ದಣಿವಾಯ್ತು. ಪದ ಒಂದೇ, ಆದರೆ ಅಲ್ಲಿ ಅದು ಬೈಗುಳ, ಇಲ್ಲಿ ಕನಿಕರ. 'ಅಯ್ಯೋ ಸುಸ್ತಾಯ್ತಾ, ಬಾ ಕೂತ್ಕೋ, ನೀರು ಕುಡಿ' ಅಂತ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕನ್ನಡದಲ್ಲಿ ಸುಸ್ತಾದವನ ತಪ್ಪು ಏನೂ ಇಲ್ಲ.

ವ್ಯಾಕರಣವೂ ಅದನ್ನೇ ಹೇಳುತ್ತದೆ ನೋಡಿ. ನಾವು 'ನನಗೆ ಸುಸ್ತು' ಅನ್ನುತ್ತೇವೆ. ನನಗೆ ಜ್ವರ, ನನಗೆ ಹಸಿವು, ನನಗೆ ಚಳಿ ಅಂದ ಹಾಗೆ. ಅದು ಹೊರಗಿನಿಂದ ಬಂದು ನಮ್ಮ ಮೇಲೆ ಕೂರುವ ವಸ್ತು. ಹೋಗುತ್ತದೆ ಕೂಡ. ಸೋಮಾರಿತನ ಹಾಗಲ್ಲ. 'ನನಗೆ ಸೋಮಾರಿ' ಅಂತ ಯಾರೂ ಹೇಳುವುದಿಲ್ಲ, 'ನಾನು ಸೋಮಾರಿ' ಅಂತಲೇ ಹೇಳಬೇಕು, ಅಂದರೆ ಅದು ನಾನೇ.

ಆದರೆ 'ನಾನು ಸುಸ್ತಾದೆ' ಅಂತಲೂ ಹೇಳುತ್ತೇವೆ ಅಲ್ವಾ? ಹೇಳುತ್ತೇವೆ, ಆದರೆ ಆಗ ಅರ್ಥ ಸ್ವಲ್ಪ ಜಾರುತ್ತದೆ. 2024ರಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿದಾಗ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, 'ರೇಟ್ ಕೇಳಿ ಸುಸ್ತಾದೆ ಮಾರಾಯ.' ಅದು ದಣಿವಲ್ಲ, ದಂಗು. ಮಗ ಪರೀಕ್ಷೆಯಲ್ಲಿ ಬರೆದ ಉತ್ತರ ಓದಿ ನಾನೂ ಹೀಗೆ ಸುಸ್ತಾಗಿದ್ದೇನೆ. ಇಲ್ಲಿ ಒಂದು ತಮಾಷೆ ಇದೆ. ಹೈರಾಣ ಅನ್ನುವ ಪದ ಇದೆಯಲ್ಲ, ಅರಬ್ಬಿಯಿಂದ ಬಂದಿದ್ದು, ಹಿಂದಿಯಲ್ಲಿ ಹೈರಾನ್ ಅಂದರೆ ಬೆರಗು, ದಿಗಿಲು. ಕನ್ನಡಕ್ಕೆ ಬಂದಾಗ ಅದು ದಣಿದು ಹೈರಾಣಾಯಿತು. ದಣಿವಿನ ಸುಸ್ತು ಬೆರಗಿನ ಕಡೆ ಹೋಯಿತು, ಬೆರಗಿನ ಹೈರಾಣ ದಣಿವಿನ ಕಡೆ ಬಂತು. ಎರಡೂ ಎಲ್ಲೋ ದಾರಿಯಲ್ಲಿ ಎದುರಾಗಿ ಚೀಲ ಬದಲಾಯಿಸಿಕೊಂಡವೋ ಏನೋ.

ನಮ್ಮ ಮನೆಯಲ್ಲಿ ಸುಸ್ತು ಅನ್ನುವ ಪದ ಅಷ್ಟಾಗಿ ಇರಲಿಲ್ಲ. ಅಮ್ಮ ಸುಳ್ಯ ಕಡೆಯವರು. ತುಳುವಿನಲ್ಲಿ ದಣಿವಾದರೆ 'ಬಚ್ಚುಂಡು' ಅನ್ನುತ್ತಾರೆ, ಅಮ್ಮನ ಕನ್ನಡದೊಳಗೂ ಆ ಬಚ್ಚು ನುಸುಳುತ್ತಿತ್ತು. 'ಬಚ್ಚಿತಾ?' ಅಂತ ಕೇಳುತ್ತಿದ್ದರು. ಮೈಸೂರಿನಿಂದ ಬಂದ ನನ್ನ ಗೆಳತಿ ಒಮ್ಮೆ ಅದನ್ನು ಏನನ್ನೋ ಬಚ್ಚಿಟ್ಟೆಯಾ ಅಂತ ತಿಳಿದು, 'ಇಲ್ಲಪ್ಪ, ನಾನೇನೂ ತಗೊಂಡಿಲ್ಲ' ಅಂದಿದ್ದಳು. ಇನ್ನೊಂದು ಪದ ಉದಾಸೀನ. ಬಯಲುಸೀಮೆಯವರಿಗೆ ಉದಾಸೀನ ಅಂದರೆ ಅಸಡ್ಡೆ. ಅಮ್ಮನಿಗೆ, ಸಂಪಾಜೆ ಘಾಟಿಯ ಆಚೆ ದಕ್ಷಿಣ ಕನ್ನಡದವರಿಗೆ ಎಲ್ಲರಿಗೂ ಅದು ಸೋಮಾರಿತನ. 'ಏಳಲಿಕ್ಕೆ ಉದಾಸೀನ ಅದಕ್ಕೆ' ಅಂತ ಅಮ್ಮ ನನ್ನ ಬಗ್ಗೆ ಹೇಳಿದರೆ, ಅದು ಖಂಡಿತ ಬೈಗುಳವೇ.

ಊರಿನಲ್ಲಿ ಇನ್ನೂ ಎಷ್ಟು ಬಗೆ. ದಿನಸಿ ಅಂಗಡಿಯ ಮಲಯಾಳಿ ಚೇಟ ಸಂಜೆ ಹೊತ್ತು 'ಭಯಂಕರ ಕ್ಷೀಣಂ' ಅನ್ನುತ್ತಾನೆ. ಮೊದಲ ಸಲ ಕೇಳಿದಾಗ ನಾನು ಗಾಬರಿಯಾಗಿ ಕುರ್ಚಿ ಎಳೆದು ಕೊಟ್ಟಿದ್ದೆ. ಕನ್ನಡದಲ್ಲಿ ಕ್ಷೀಣ ಅಂದರೆ ನಾಡಿ ಕ್ಷೀಣ, ದನಿ ಕ್ಷೀಣ, ಇನ್ನೇನು ಕಥೆ ಮುಗಿಯಿತು ಅನ್ನುವ ಸ್ಥಿತಿ. ಅವನಿಗೆ ಅದು ಬರೀ ಸುಸ್ತು, ಒಂದು ಲೋಟ ಚಾಯದಲ್ಲಿ ಹೋಗುವಂಥದ್ದು. ದೊಡ್ಡ ತೋಟಗಳಲ್ಲಿ ಮಾಲೀಕರನ್ನು ಧಣಿ ಅಂತ ಕರೆಯುವ ಹಳೆಯವರು ಇನ್ನೂ ಇದ್ದಾರೆ. ಧಣಿ ದಣಿಯುವುದಿಲ್ಲ, ದಣಿಯುವವನು ಧಣಿಯಾಗುವುದಿಲ್ಲ ಅಂತ ನಮ್ಮ ಅಜ್ಜ ನಗುತ್ತಿದ್ದರು. ಮಹಾಪ್ರಾಣ ಒಂದರಲ್ಲೇ ಎಷ್ಟು ವ್ಯತ್ಯಾಸ.

ನನಗೆ ತುಂಬ ಇಷ್ಟದ ಪದ ಬಸವಳಿ. ಬಸ ಅಂದರೆ ವಶ. ಶಾಲೆಯಲ್ಲಿ ತತ್ಸಮ ತದ್ಭವ ಕಲಿಸುವಾಗ ಬರುತ್ತಿತ್ತಲ್ಲ, ಅದೇ. ಮೈ ನಮ್ಮ ವಶದಲ್ಲಿಲ್ಲ ಅನ್ನುವ ಸ್ಥಿತಿ. ಈಗ ಇದನ್ನು ಬರೆಯುವವರೇ ಹೆಚ್ಚು, ಆಡುವವರು ಕಡಿಮೆ. ಆಡುಮಾತಿನಲ್ಲಿ ನಮಗೆ 'ಸಾಕಾಯ್ತು' ಸಾಕು.

ನಿತ್ರಾಣ ಮಾತ್ರ ಬೇರೆಯೇ ತೂಕದ ಪದ. ಸಂಸ್ಕೃತದಲ್ಲಿ ತ್ರಾಣ ಅಂದರೆ ಕಾಪಾಡುವುದು. ತಲೆ ಕಾಪಾಡುವುದು ಶಿರಸ್ತ್ರಾಣ, ಪಾದ ಕಾಪಾಡುವುದು ಪಾದತ್ರಾಣ. ಕನ್ನಡದಲ್ಲಿ ತ್ರಾಣ ಅಂದರೆ ಕಸುವು, ಶಕ್ತಿ. 'ಏಳೋಕೂ ತ್ರಾಣ ಇಲ್ಲ' ಅಂದಾಗ ಮೈಯನ್ನು ಕಾಯುತ್ತಿದ್ದ ಏನೋ ಒಂದು ಎದ್ದು ಹೋಯಿತು ಅನ್ನುವ ಧ್ವನಿ ಇದೆ. ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ. ನಿತ್ರಾಣ ಹೋಗುವುದಿಲ್ಲ. ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಅದೇ ವರ್ಷ ಮಳೆಗಾಲದಲ್ಲಿ.

ಜೂನ್ ತಿಂಗಳಿಂದಲೇ ಶುರುವಾಗಿತ್ತು. ಕಣದಿಂದ ಮನೆಗೆ ಹದಿನೆಂಟು ಮೆಟ್ಟಿಲು, ಅಷ್ಟಕ್ಕೇ ಏದುಸಿರು. ರಾತ್ರಿ ಒಂಬತ್ತಕ್ಕೆ ಮಲಗಿದರೂ ಬೆಳಿಗ್ಗೆ ಏಳುವಾಗ ಯಾರೋ ರಾತ್ರಿಯೆಲ್ಲ ನನ್ನ ಕೈಯಲ್ಲಿ ಭತ್ತ ಕುಟ್ಟಿಸಿದ ಹಾಗೆ. ಹೊರಗೆ ಜಡಿಮಳೆ, ಕರೆಂಟಿಲ್ಲ, ಒಣಗದ ಬಟ್ಟೆಯ ವಾಸನೆ, ಇಂಥ ಕಾಲದಲ್ಲಿ ಯಾರಿಗೆ ತಾನೇ ಹುರುಪಿರುತ್ತದೆ ಅಂತ ನಾನೂ ಅಂದುಕೊಂಡೆ. ಮನೆಯವರು 'ಮಳೆಗಾಲದ ಉದಾಸೀನ' ಅಂದರು. ಅತ್ತಿಗೆ ವಾಕಿಂಗ್ ಮಾಡು ಅಂದರು. ಆ ಮಳೆಯಲ್ಲಿ! ನಾನು ನನ್ನನ್ನೇ ಸೋಮಾರಿ ಅಂತ ನಂಬಿಬಿಟ್ಟೆ. ಆ ಹುಡುಗನಿಗೆ ತಿಳಿಯದೆ ಹೇಳಿದ್ದನ್ನು ನನಗೆ ನಾನೇ ತಿಳಿದೂ ತಿಳಿದೂ ಹೇಳಿಕೊಳ್ಳುತ್ತಿದ್ದೆ.

ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕೊಡಗಿನಲ್ಲಿ ಅವತ್ತು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಇಲ್ಲ. ಆ ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೇ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹತ್ತಿತು ಅಂತ ಲೆಕ್ಕ. ಹೊರಗಿನಿಂದ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳದಿದ್ದರೆ ಬೆಳಿಗ್ಗೆ ದೊಡ್ಡ ರಾದ್ಧಾಂತ ಆಗುತ್ತದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ತುಂಬಿರುತ್ತದೆ ಅನ್ನುವುದು ಹಿರಿಯರ ಮಾತು. ಹದಿನೆಂಟೋ ಎರಡೋ, ಯೋಚಿಸಿದರೆ ಹೊತ್ತು ಸರಿಯಾಗಿಯೇ ಇದೆ. ಗದ್ದೆಯ ಕೆಸರಿನಲ್ಲಿ ನಾಟಿ, ಮೇಲಿನಿಂದ ಮಳೆ, ವರ್ಷದಲ್ಲಿ ಮೈ ತುಂಬ ಸೋಲುವ ಕಾಲ ಅದು. ಅಮ್ಮ ನನಗೆ ಎರಡು ಬಟ್ಟಲು ಜಾಸ್ತಿ ಬಡಿಸಿ 'ತಿನ್ನು, ಸ್ವಲ್ಪ ತ್ರಾಣ ಬರಲಿ' ಅಂದರು. ಉದಾಸೀನ ಅನ್ನುತ್ತಿದ್ದ ಅಮ್ಮ ತ್ರಾಣ ಅಂದರು ನೋಡಿ, ಆಗ ನನಗೆ ಸ್ವಲ್ಪ ಹೆದರಿಕೆಯಾಯಿತು. ಅಮ್ಮ ಪದ ಬದಲಾಯಿಸಿದ್ದಾರೆ ಅಂದರೆ ಅವರ ಕಣ್ಣಿಗೆ ಏನೋ ಬಿದ್ದಿದೆ.

ಆ ವಾರವೇ ಮಡಿಕೇರಿಗೆ ಹೋದೆ. ಡಾಕ್ಟರ್ ವಯಸ್ಸಾದವರು, ಈ ಕಡೆಯವರ ಮಾತು ಗೊತ್ತಿರುವವರು. ನಾನು 'ಸುಸ್ತು' ಅಂದೆ. ಅವರು ಪೆನ್ನು ಕೆಳಗಿಟ್ಟು 'ಯಾವ ಸುಸ್ತು?' ಅಂತ ಕೇಳಿದರು. ಕೆಲಸ ಮಾಡಿದ ಮೇಲೆ ಬರುವುದಾ, ಮಾಡುವ ಮೊದಲೇ ಇರುವುದಾ? ಮಲಗಿದರೆ ಕಡಿಮೆ ಆಗುತ್ತದಾ? ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದಾ? ಕೆಲಸ ಮಾಡಲು ಮನಸ್ಸಿಲ್ಲವಾ, ಮನಸ್ಸಿದ್ದೂ ಮೈ ಬರುವುದಿಲ್ಲವಾ? ಈ ಕೊನೆಯ ಪ್ರಶ್ನೆಗೆ ನನಗೆ ಅಳು ಬಂತು. ಮನಸ್ಸಿದೆಯಾ ಅಂತ ಯಾರೂ ಅಷ್ಟು ದಿನ ಕೇಳಿರಲೇ ಇಲ್ಲ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಶ್ವಾಸಕೋಶದಿಂದ ಮೈಗೆಲ್ಲ ಆಮ್ಲಜನಕ ಹೊತ್ತು ತರುವುದು ಹಿಮೋಗ್ಲೋಬಿನ್, ಅದಕ್ಕೆ ಕಬ್ಬಿಣಾಂಶ ಬೇಕು, ನನ್ನಲ್ಲಿ ಅದೇ ಇಲ್ಲ. ಆಳುಗಳೇ ಅರ್ಧಕ್ಕರ್ಧ ರಜೆ ಹಾಕಿದರೆ ಕೊಯ್ಲು ಹೇಗೆ ನಡೆಯುತ್ತದೆ? ಥೈರಾಯ್ಡ್, ಸಕ್ಕರೆ, ಬಿ12 ಎಲ್ಲ ನೋಡಿದರು, ಅವು ಸರಿ ಇದ್ದವು. ಕಬ್ಬಿಣದ ಮಾತ್ರೆ ಬರೆದುಕೊಟ್ಟು ಡಾಕ್ಟರ್ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು, 'ದಿನಕ್ಕೆ ಎಷ್ಟು ಕಾಫಿ?'

ಕಾಫಿ ಬೆಳೆಯುವವಳನ್ನು ಕೇಳುವ ಪ್ರಶ್ನೆಯಾ ಅದು? ಐದು, ಆರು. ಊಟದ ಜೊತೆಗೂ ಒಂದು. ಕಾಫಿಯಲ್ಲಿ, ಟೀಯಲ್ಲೂ, ಇರುವ ಪಾಲಿಫಿನಾಲ್ ಅನ್ನುವ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈ ಹೀರದಂತೆ ಮಾಡುತ್ತದಂತೆ. ಮಾತ್ರೆಗೂ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಇರಲಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದು ಒಳ್ಳೆಯದು ಅಂದರು. ಸುಸ್ತಾಯಿತು ಅಂತ ಕಾಫಿ ಕುಡಿಯುವುದು, ಕುಡಿದಷ್ಟೂ ಸುಸ್ತಾಗುವುದು. ಹೀಗೆ ಎಷ್ಟು ವರ್ಷ ತಿರುಗಿದ್ದೆನೋ! ಅವತ್ತು ನಾನು ಸುಸ್ತಾದೆ, ದಣಿವಿನ ಸುಸ್ತಲ್ಲ, ಇನ್ನೊಂದು ಸುಸ್ತು. ಎರಡು ತಿಂಗಳಲ್ಲಿ ಮೆಟ್ಟಿಲು ಸಲೀಸಾಯಿತು. ಕಾಫಿ ಮೂರಕ್ಕೆ ಇಳಿದಿದೆ. ಇಳಿಸಿದ್ದೇನೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ.

ಇಷ್ಟರಲ್ಲಿ ಒಂದು ಕೆಲಸ ಮರೆತೇಹೋಗಿತ್ತು. ಸೊಸೈಟಿಯ ಸಾಲ. ಸಹಕಾರ ಸಂಘದಲ್ಲಿ 5 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ನಾವೆಲ್ಲ ಆ ದಿನ ಓಡಿಹೋಗಿ ಕಟ್ಟಿ, ಮತ್ತೆ ಹೊಸ ಸಾಲ ಬರೆಸಿಕೊಂಡು ಬರುವವರು. ಆ ಸಲ ನಾನು ಹೋಗಲಿಲ್ಲ. ದುಡ್ಡಿಲ್ಲದೆ ಅಲ್ಲ, ಎದ್ದು ಸೀರೆ ಉಟ್ಟು ಬಸ್ಸಿಗೆ ಕಾಯುವಷ್ಟು ತ್ರಾಣ ಇರಲಿಲ್ಲ. ಒಂದು ದಿನ ಅಂಚೆಯಲ್ಲಿ ಕಾಗದ ಬಂತು. ನನ್ನ ಹೆಸರು, ಪಕ್ಕದಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ: ಸುಸ್ತಿದಾರರು.

ಕಾಗದ ಹಿಡಿದುಕೊಂಡು ಜಗಲಿಯಲ್ಲಿ ಕೂತು ಒಬ್ಬಳೇ ನಕ್ಕೆ. ಮೂರು ತಿಂಗಳಿಂದ ನಾನು ಸುಸ್ತು ಸುಸ್ತು ಅಂತ ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಇವರು ಸೀಲು ಹಾಕಿ ಒಪ್ಪಿಕೊಂಡಿದ್ದಾರೆ!

ಆಮೇಲೆ ಯೋಚಿಸಿದೆ. ಸಾಲ ತೀರಿಸಲು ತಡ ಮಾಡಿದವನು ಸುಸ್ತಿದಾರ, ಅದರ ಮೇಲೆ ಬೀಳುವುದು ಸುಸ್ತಿ ಬಡ್ಡಿ, ಉಳಿದಿದ್ದು ಸುಸ್ತಿ ಬಾಕಿ. ಬಾಕಿ, ವಸೂಲಿ, ಜಾಮೀನು, ತಹಶೀಲ್ದಾರ ಇವೆಲ್ಲ ಪಾರ್ಸಿ, ಅರಬ್ಬಿ ಕಡೆಯಿಂದ ಕಂದಾಯ ಕಚೇರಿಯ ದಾರಿಯಲ್ಲಿ ಬಂದ ಪದಗಳು. ಸುಸ್ತಿಯೂ ಅವುಗಳ ಜೊತೆಯವನೇ. ಹೊಲ ಮನೆಯ ಕಡೆ ಹೋದ ಸುಸ್ತು ನಮ್ಮ ಬಾಯಲ್ಲಿ ಪಳಗಿ ಮೆತ್ತಗಾಯಿತು. ಕಚೇರಿಯಲ್ಲೇ ಉಳಿದ ಸುಸ್ತಿ ಮಾತ್ರ ಹಳೇ ಬಿಗಿ ಬಿಟ್ಟಿಲ್ಲ. ಅಲ್ಲಿ ಅದು ಇನ್ನೂ ಆರೋಪವೇ. ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ, ಫಾರಂನಲ್ಲಿ ಹಾಗೇ ಅಚ್ಚಾಗಿದೆ. ನಾನು ಹೋಗಿ ಬಡ್ಡಿ ಸೇರಿಸಿ ಕಟ್ಟಿ ಬಂದೆ. 'ಸುಸ್ತಾಗಿತ್ತು ಸಾರ್, ಅದಕ್ಕೇ ಸುಸ್ತಿ ಆಯ್ತು' ಅಂದೆ. ಅವರು ನಗಲಿಲ್ಲ. ಈ ಜೋಕ್ ಅವರಿಗೆ ದಿನಾ ನಾಲ್ಕು ಜನ ಹೇಳುತ್ತಾರೋ ಏನೋ.

ಈ ವರ್ಷ ಕೊಯ್ಲಿಗೆ ಅದೇ ತಂಡ ಬಂತು, ಅದೇ ಹುಡುಗನೂ. ಈಗ ಅವನಿಗೆ ಕನ್ನಡ ಪರವಾಗಿಲ್ಲ. ಸುಸ್ತು ಅನ್ನುವ ಪದ ಅವನಿಗೆ ಎಷ್ಟು ಇಷ್ಟವಾಗಿದೆ ಅಂದರೆ ನನ್ನನ್ನು ಕಂಡ ಕೂಡಲೇ ಶೀಟಿನ ಮೇಲೆ ಕೂತು 'ಅಕ್ಕಾ, ಸುಸ್ತು!' ಅಂತ ಜೋರಾಗಿ ಕೂಗಿ ಹಲ್ಲು ಕಿರಿಯುತ್ತಿದ್ದ. ಉಳಿದವರೂ ಕಲಿತರು. ಇಡೀ ಇಳಿಜಾರಿನಲ್ಲಿ ಸುಸ್ತು ಸುಸ್ತು ಅಂತ ಪ್ರತಿಧ್ವನಿ. ಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ.

ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲೇ ಅವರು ಹೊರಟರು. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಮೈಸೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರು, ಅಲ್ಲಿಂದ ಎರಡು ದಿನದ ರೈಲು, ಮತ್ತೆ ಬಸ್ಸು. ಊರು ತಲುಪಿದ ಮೇಲೆ ಫೋನ್ ಮಾಡು ಅಂದಿದ್ದೆ. ಐದನೇ ದಿನ ಮಾಡಿದ. ಸೀಟು ಸಿಕ್ಕಿರಲಿಲ್ಲವಂತೆ, ಬಾಗಿಲ ಹತ್ತಿರವೇ ಕೂತು ಬಂದರಂತೆ. ಹೇಗಿದ್ದೀಯ ಅಂತ ಕೇಳಿದೆ. 'ಅಕ್ಕಾ, ನಾನು ತುಂಬಾ ಸುಸ್ತು, ಮೂರು ದಿನ ಬರೀ ಸುಸ್ತು' ಅಂದ. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಣ್ಣು ದನಿ ಏನೋ ಜೋರಾಗಿ ಹೇಳಿತು, ಅವನು ಫೋನ್ ದೂರ ಹಿಡಿದು ಏನೇನೋ ಸಮಜಾಯಿಷಿ ಕೊಡತೊಡಗಿದ.

'ಏನಾಯ್ತೋ?' ಅಂದೆ.

'ಹೆಂಡತಿ ಅಕ್ಕಾ,' ಅಂದ. 'ಸುಸ್ತ್ ಅಂತ ಗೊತ್ತು, ಅದನ್ನು ಕರ್ನಾಟಕದವರೆಗೂ ಹೇಳ್ಕೋಬೇಕಾ ಅಂತ ಕೇಳ್ತಾಳೆ.'